ಗುಡ್ಡದ ಗಾಳಿ ಎರಿ ಹೊಲಕ್ಕೆ ಇಳಿದ ಮೇಲೆ



ಕರ್ನಾಟಕ ವಿದ್ಯುತ್ ನಿಗಮ 1990ರ ದಶಕದಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಇಪ್ಪತ್ತು ಗಾಳಿಯಂತ್ರಗಳನ್ನು ನಿಲ್ಲಿಸಿತು. ಒಂಬತ್ತು 225 ಕಿಲೋವ್ಯಾಟ್‌ನವು, ಹನ್ನೊಂದು 230 ಕಿಲೋವ್ಯಾಟ್‌ನವು. ಎಲ್ಲ ಕೂಡಿದರೆ ಸಾಮರ್ಥ್ಯ 4.555 ಮೆಗಾವ್ಯಾಟ್. ಇವತ್ತು ಎರಿ ಹೊಲದ ನಡುವೆ ನಿಲ್ಲುವ, ಜನ ಫ್ಯಾನು ಎಂದು ಕರೆಯುವ ಯಂತ್ರಗಳಲ್ಲಿ ಎರಡೇ ಎರಡು ಆ ಇಪ್ಪತ್ತಕ್ಕೆ ಸಮ. ಆಗ ಗುಡ್ಡದ ನೆತ್ತಿಯೇ ಬೇಕಾಗಿತ್ತು. ಈಗ ಬಯಲು ಸಾಕಾಗುತ್ತದೆ. ನವೀಕರಿಸಬಹುದಾದ ಇಂಧನದ ಲಾಭ ನಷ್ಟಗಳನ್ನು ಗದಗ ಸೀಮೆಯಲ್ಲಿ ಕುಳಿತು ತೂಗುವವರು ಈ ಬದಲಾವಣೆಯಿಂದಲೇ ಮಾತು ಶುರು ಮಾಡಬೇಕು.

ಬದಲಾವಣೆಯ ಹಿಂದಿನ ಭೌತವಿಜ್ಞಾನ ಕಷ್ಟದ್ದಲ್ಲ. ನೆಲದ ಹತ್ತಿರ ಗಾಳಿ ಮನೆ, ಮರ, ಬೆಳೆಗಳಿಗೆ ತಾಗಿ ಕಸುವು ಕಳೆದುಕೊಳ್ಳುತ್ತದೆ. ಮೇಲೆ ಹೋದಷ್ಟೂ ಬಿರುಸಾಗುತ್ತದೆ. ಗಾಳಿಯ ವೇಗ ಕಾಲು ಭಾಗ ಹೆಚ್ಚಿದರೆ ಅದರಿಂದ ಸಿಗುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ, ಏಕೆಂದರೆ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಗಿಡ್ಡ ಕಂಬದ ಹಳೆಯ ಯಂತ್ರಗಳು ಆ ಎತ್ತರವನ್ನು ಗುಡ್ಡದಿಂದ ಕಡ ತಂದಿದ್ದವು. ಈಗಿನ ಕಂಬ 100, 120, ಕೆಲವು ಕಡೆ 140 ಮೀಟರ್ ಎತ್ತರ; ರೆಕ್ಕೆ ಸುತ್ತುವ ವರ್ತುಲದ ಅಗಲವೂ 120 ಮೀಟರ್‌ಗಿಂತ ಹೆಚ್ಚು. ಎತ್ತರ ಕಂಬದಲ್ಲೇ ಇರುವುದರಿಂದ ಕಡಲಿ, ಬಿಳಿಜೋಳ, ಮೆಣಸಿನಕಾಯಿ ಬೆಳೆಯುವ ಸಪಾಟು ನೆಲವೂ ಗಾಳಿಯ ಭೂಮಿಯೇ ಆಯಿತು.

ಇದರ ಪರಿಣಾಮ ಎಂಜಿನಿಯರಿಂಗ್‌ಗೆ ಮಾತ್ರ ಸೇರಿದ್ದಲ್ಲ. ಗುಡ್ಡದ ಒಡೆತನ ಅರಣ್ಯ ಇಲಾಖೆಯದು. ಅಲ್ಲಿ ಕಂಬ ನಿಲ್ಲಿಸುವ ಕಂಪನಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಕೆಳಗೆ ದಿಲ್ಲಿಯವರೆಗೆ ಕಡತ ಕಳಿಸಬೇಕಾಗುತ್ತಿತ್ತು. ಎರಿ ಹೊಲದ ಒಡೆಯ ರೈತ. ಅವನ ಜೊತೆ ಮಾತಾಡಲು ಏಜೆಂಟ್ ಒಬ್ಬ ಬೈಕಿನಲ್ಲಿ ಬಂದರೆ ಸಾಕು.

ಲಾಭದ ಕಡೆಯನ್ನು ಮೊದಲು ನೋಡುವುದು ನ್ಯಾಯ. 2 ಮೆಗಾವ್ಯಾಟ್‌ನ ಒಂದು ಯಂತ್ರ ತನ್ನ ಪೂರ್ಣ ಸಾಮರ್ಥ್ಯದ ಶೇ 27ರಷ್ಟು ದುಡಿದರೂ (ನಮ್ಮ ಸೀಮೆಯ ಗಾಳಿಗೆ ಇದು ಅತಿಯಾಸೆಯ ಲೆಕ್ಕವಲ್ಲ) ವರ್ಷಕ್ಕೆ ಸುಮಾರು 47 ಲಕ್ಷ ಯೂನಿಟ್ ವಿದ್ಯುತ್ ಬರುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ 3,900 ಮನೆಗಳಿಗೆ ಅದು ಸಾಕು. ಅಷ್ಟೇ ವಿದ್ಯುತ್ತನ್ನು ದೇಶದ ಗ್ರಿಡ್‌ನ ಸರಾಸರಿ ಲೆಕ್ಕದಲ್ಲಿ ತಯಾರಿಸಿದರೆ 3,300 ಟನ್‌ನಷ್ಟು ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಸೇರುತ್ತದೆ. ನೀರಿನ ಲೆಕ್ಕ ಬೇರೆ ಇದೆ. ಕಲ್ಲಿದ್ದಲ ಸ್ಥಾವರಗಳಿಗೆ ಕೇಂದ್ರ ಸರ್ಕಾರ 2015ರಲ್ಲಿ ವಿಧಿಸಿದ ಮಿತಿಯೇ ಯೂನಿಟ್‌ಗೆ ಮೂರೂವರೆ ಲೀಟರ್. ಗಾಳಿಯಂತ್ರ ನೀರು ಕೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಊರ ಕೆರೆಯ ತಳ ನೋಡುವ ಸೀಮೆಯವರಿಗೆ ಈ ಮಾತಿನ ತೂಕ ವಿವರಿಸಬೇಕಾಗಿಲ್ಲ.

ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿ ಇಲ್ಲ. 1,720 ಮೆಗಾವ್ಯಾಟ್‌ನ ರಾಯಚೂರು ಸ್ಥಾವರಕ್ಕೆ ಬೇಕಾದದ್ದು ತೆಲಂಗಾಣ, ಮಹಾರಾಷ್ಟ್ರ, ಒಡಿಶಾಗಳ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ಅಲ್ಲಿ ಊರು ಬಿಟ್ಟವರ ಕಷ್ಟ, ಸ್ಥಾವರವಿರುವ ಶಕ್ತಿನಗರದ ಸುತ್ತ ಹಾರುವ ಬೂದಿ, ಇವೆರಡೂ ಹುಬ್ಬಳ್ಳಿಯ ಅಂಗಡಿಯ ಬಲ್ಬಿನಲ್ಲಿ ಕಾಣುವುದಿಲ್ಲ. ಗಾಳಿ ಮತ್ತು ಬಿಸಿಲಿನ ವಿದ್ಯುತ್ತು ಒಟ್ಟು ಹಾನಿಯನ್ನು ಬಹಳ ಇಳಿಸುತ್ತದೆ. ಆದರೆ ಉಳಿದ ಹಾನಿಯನ್ನು ದೂರದಿಂದ ತಂದು ಕಣ್ಣೆದುರಿಗೆ ಇಡುತ್ತದೆ. ಲಾಭ ರಾಜ್ಯಕ್ಕೆಲ್ಲ ಹಂಚಿಹೋಗುತ್ತದೆ. ನಷ್ಟ ಒಂದು ಸರ್ವೆ ನಂಬರಿನಲ್ಲಿ, ಒಂದು ಗುಡ್ಡದ ಸೆರಗಿನಲ್ಲಿ ನಿಲ್ಲುತ್ತದೆ. ಈ ಉಪನ್ಯಾಸ ವಾದಿಸುವುದು ಇಷ್ಟನ್ನೇ: ಗಾಳಿ ಬೇಕೋ ಬೇಡವೋ ಎಂಬ ಪ್ರಶ್ನೆ ಹಳೆಯದಾಯಿತು. ಕಂಬ ಎಲ್ಲಿ ನಿಲ್ಲಬೇಕು, ಕರಾರು ಯಾರ ಹೆಸರಿನಲ್ಲಿ ಆಗಬೇಕು ಎಂಬ ಎರಡು ಪ್ರಶ್ನೆಗಳು ಬಾಕಿ ಇವೆ.

ಮೊದಲನೆಯದಕ್ಕೆ ಕಪ್ಪತಗುಡ್ಡದಲ್ಲೇ ಉತ್ತರವಿದೆ. ಬಿಂಕದಕಟ್ಟಿಯಿಂದ ಸಿಂಗಟಾಲೂರಿನವರೆಗೆ ಅರವತ್ತು ಕಿಲೋಮೀಟರ್‌ಗೂ ಮಿಕ್ಕಿ ಹಬ್ಬಿರುವ ಈ ಸಾಲಿಗೆ ಔಷಧಿ ಸಸ್ಯಗಳ ಹೆಸರಿದೆ, ಹೊಟ್ಟೆಯಲ್ಲಿ ಕಬ್ಬಿಣ ಮತ್ತು ಚಿನ್ನವೂ ಇದೆ. ಆ ಕಾರಣಕ್ಕೇ ಅದರ ಕಾನೂನು ಚರಿತ್ರೆ ಏರುಪೇರಿನದು. 2015ರ ಕೊನೆಯಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಣೆಯಾಯಿತು, 2016ರಲ್ಲಿ ಆ ಘೋಷಣೆ ರದ್ದಾಯಿತು, ಜನರ ಹೋರಾಟದ ನಂತರ 2017ರಲ್ಲಿ ಮತ್ತೆ ಜಾರಿಗೆ ಬಂತು, 2019ರಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಗಣಿಯ ವಿರುದ್ಧ ನಿಂತ ಮಠಗಳು, ಸಂಘಟನೆಗಳು, ಸಾಹಿತಿಗಳು ಎಲ್ಲರೂ ಗೊತ್ತಿರುವವರೇ. ಗಾಳಿಯಂತ್ರಗಳ ಬಗ್ಗೆ ಮಾತ್ರ ಅಷ್ಟು ದೊಡ್ಡ ದನಿ ಏಳಲಿಲ್ಲ. ಹೊಗೆ ಇಲ್ಲ, ಸ್ಫೋಟ ಇಲ್ಲ. ಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ನೆತ್ತಿಗೆ ಹೋದವರು ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಗುಡ್ಡದ ಮೇಲೆ ಕಂಬಕ್ಕಿಂತ ದಾರಿಯ ಪೆಟ್ಟು ದೊಡ್ಡದು. ಹತ್ತಾರು ಮೀಟರ್ ಉದ್ದದ ರೆಕ್ಕೆ ಹೊತ್ತ ಲಾರಿ ಏರಬೇಕಾದರೆ ಇಳಿಜಾರನ್ನು ಕಡಿದು ಅಗಲದ, ಕಡಿದಾದ ತಿರುವಿಲ್ಲದ ರಸ್ತೆ ಮಾಡಬೇಕು. ಕಡಿದ ಮಣ್ಣು ಮೊದಲ ದೊಡ್ಡ ಮಳೆಗೆ ಕೆಳಗಿಳಿಯುತ್ತದೆ, ಹಳ್ಳ ತುಂಬುತ್ತದೆ. ಹುಲ್ಲು ಬೆಳೆಯುತ್ತಿದ್ದ ಕಡೆ ಗರಸು ಕಾಣುತ್ತದೆ. ಯಂತ್ರ ನಿಲ್ಲುವ ಮೊದಲು ಕುರಿಗಾಹಿಯ ಕಾಲುದಾರಿ ಇದ್ದಲ್ಲಿ ಆಮೇಲೆ ಯಾರ ವಾಹನ ಬೇಕಾದರೂ ಏರುತ್ತದೆ. ಕತ್ತೆಕಿರುಬ, ತೋಳ, ಕೊಂಡುಕುರಿಗಳ ನೆಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಕ್ಕಿಗಳ ಮೇಲಿನ ಪರಿಣಾಮ ಕುರಿತು ಹೇಳುವಾಗ ಎರಡೂ ಕಡೆಯ ಸಾಕ್ಷ್ಯ ಇಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸಾತಾರಾ ಜಿಲ್ಲೆಯ ಚಾಳಕೆವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆದಿತ್ತು. ಯಂತ್ರಗಳಿಲ್ಲದ ಕಡೆ ಬೇಟೆಹಕ್ಕಿಗಳ ಸಂಖ್ಯೆ ಯಂತ್ರಗಳಿದ್ದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಗಿಡುಗ, ಹದ್ದು ದೂರವಾದಲ್ಲಿ ಗಂಟಲಲ್ಲಿ ಬಣ್ಣದ ಚೀಲ ಬಿಚ್ಚುವ ಓತಿಗಳು ವಿಪರೀತ ಹೆಚ್ಚಿದ್ದವು. ಅವುಗಳ ಹೆದರಿಕೆ, ಮೈಕಟ್ಟು, ನಡವಳಿಕೆ ಕೂಡ ಬದಲಾಗಿದ್ದವು. ಅಂದರೆ ಗಾಳಿಯಂತ್ರ ಆ ಜಾಗದಲ್ಲಿ ತಾನೇ ಒಂದು ಬೇಟೆಗಾರನ ಹಾಗೆ ವರ್ತಿಸಿತ್ತು. ಇನ್ನೊಂದು ಅಧ್ಯಯನ ನಮ್ಮ ನೆರೆಯ ಹರಪನಹಳ್ಳಿಯ ಬಯಲಿನದು. ಅಲ್ಲಿ ರೆಕ್ಕೆಗೆ ಬಡಿದು ಸತ್ತ ಹಕ್ಕಿಗಳ ಅಂದಾಜು, ವರ್ಷಕ್ಕೆ ಯಂತ್ರವೊಂದಕ್ಕೆ ಅರ್ಧ ಹಕ್ಕಿಗಿಂತ ಕಡಿಮೆ. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದೇನು? ಉತ್ತ ಬಯಲಿನಲ್ಲಿ ಯಂತ್ರದ ಹಾನಿ ಸಣ್ಣದು. ಹುಲ್ಲುಗಾವಲಿನ ನೆತ್ತಿಯ ಮೇಲೆ, ಬೇಟೆಹಕ್ಕಿಗಳು ಗಾಳಿ ಏರುವ ಜಾಗದಲ್ಲಿ ದೊಡ್ಡದು.

ಹಾಗಾದರೆ ನಿರ್ಣಯ ಸುಲಭವಾಗುತ್ತದೆ. ಬಯಲಿನಲ್ಲಿ ಒಳ್ಳೆಯ ಗಾಳಿ ಹಿಡಿಯುವ ಯಂತ್ರ ಕೈಗೆ ಬಂದ ಮೇಲೆ ಕಪ್ಪತಗುಡ್ಡದ ಮೇಲೆ ಹೊಸ ಕಂಬಕ್ಕೆ ಕಾರಣ ಉಳಿದಿಲ್ಲ. ಬಯಲಿನಲ್ಲೂ ಒಂದು ಅಪವಾದ ಇಟ್ಟುಕೊಳ್ಳಬೇಕು, ಅದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯುವ ಈ ಕೆರೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಈ ಹಕ್ಕಿಗಳು ಕೆರೆಯಲ್ಲಿ ತಂಗಿ, ಮೇಯಲು ಸುತ್ತಲ ಹೊಲಗಳಿಗೆ ಕತ್ತಲಲ್ಲಿ ಹಾರುತ್ತವೆ. ಅವುಗಳಿಗೆ ತಿರುಗುವ ರೆಕ್ಕೆಗಿಂತ ಕಣ್ಣಿಗೆ ಬೀಳದ ಹೈಟೆನ್ಷನ್ ತಂತಿ ಅಪಾಯಕಾರಿ. ರಾಜಸ್ಥಾನ, ಗುಜರಾತ್‌ಗಳ ಎರ್ಲಡ್ಡು ಹಕ್ಕಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತಂತಿಗಳನ್ನು ನೆಲದೊಳಗೆ ಹಾಕಲು ಹೇಳಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು, ಅದೇ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದೂ ನಾಗರಿಕನ ಹಕ್ಕು ಎಂದಿತು. ಹಕ್ಕಿಯ ಜೀವ ಮತ್ತು ಶುದ್ಧ ವಿದ್ಯುತ್ತು ಎದುರುಬದುರಾಗಿ ನಿಂತಾಗ ದೇಶದ ಅತಿದೊಡ್ಡ ನ್ಯಾಯಾಲಯವೇ ಎರಡು ಸಲ ತೂಗಬೇಕಾಯಿತು. ಮಾಗಡಿಯ ವಿಷಯ ಕೋರ್ಟಿಗೆ ಹೋಗುವ ಮೊದಲೇ ಕೆರೆಯ ಸುತ್ತ ಎಷ್ಟು ಕಿಲೋಮೀಟರ್ ಒಳಗೆ ತಂತಿ ಬರಬಾರದು ಎಂದು ನಕ್ಷೆಯಲ್ಲಿ ಗೆರೆ ಎಳೆಯಬಹುದು.

ಮಾನ್ಯರೇ, ಇನ್ನು ಹೊಲದ ಮಾತು.

ಗದಗ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ರಸ್ತೆಗಳಲ್ಲಿ ರೆಕ್ಕೆ ಹೊತ್ತ ಲಾರಿ ತಿರುಗುವುದನ್ನು ಕಂಡವರಿಗೆ ಆ ಯಂತ್ರದ ಗಾತ್ರ ಗೊತ್ತು. ಮುಂದೆ ಎಂಜಿನ್, ಹಿಂದೆ ರೆಕ್ಕೆಯ ತುದಿಗೆ ಪ್ರತ್ಯೇಕ ಗಾಲಿಗಾಡಿ. ಆ ತುದಿಯಲ್ಲಿ ಕುಳಿತವನು ಬೇರೆಯಾಗಿ ತಿರುಗಿಸುತ್ತಾನೆ. ಊರ ಅಗಸಿಯ ಹತ್ತಿರ ಉದ್ದನೆಯ ಕೋಲು ಹಿಡಿದ ಹುಡುಗರು ಕರೆಂಟಿನ ತಂತಿ ಎತ್ತಿ ಹಿಡಿಯುತ್ತಾರೆ. ಅದು ಹೋಗಬೇಕಾದ ಹೊಲಕ್ಕೆ ಮೊದಲು ಇದ್ದದ್ದು ಚಕ್ಕಡಿ ದಾರಿ. ಈಗ ಗರಸು ಹಾಕಿ ರೋಲರ್ ಹೊಡೆದ ಅಗಲ ರಸ್ತೆ ಬೇಕು, ಕ್ರೇನ್ ನಿಲ್ಲಲು ಗಟ್ಟಿ ಅಂಗಳ ಬೇಕು, ಸುಮಾರು 20 ಮೀಟರ್ ಅಗಲದ ಕಾಂಕ್ರೀಟ್ ಬುಡ ಬೇಕು. ಎಲ್ಲ ಸೇರಿದರೂ ಹೋಗುವ ಭೂಮಿ ಕೆಲವು ಎಕರೆ. ಕಂಬದ ಬುಡದವರೆಗೂ ಕೂರಿಗೆ ಹೊಡೆಯಬಹುದು ಎಂಬ ಕಂಪನಿಯವರ ಮಾತು ಬಹುತೇಕ ನಿಜ.

ನಿಜವಲ್ಲದ ಭಾಗ ನೀರಿನಲ್ಲಿದೆ. ಎರಿ ನೆಲದ ಬೇಸಾಯ ಒಡ್ಡಿನ ಮೇಲೆ ನಿಂತಿದೆ. ಮೇಲಿನ ಹೊಲದ ನೀರು ಕೆಳಗಿನ ಹೊಲಕ್ಕೆ ಯಾವ ಕಡೆಯಿಂದ ಇಳಿಯಬೇಕು ಎಂಬುದು ತಲೆಮಾರುಗಳಿಂದ ಗೊತ್ತಾಗಿರುವ ಲೆಕ್ಕ. ಎರಡಡಿ ಎತ್ತರದ ಗರಸಿನ ರಸ್ತೆ ಅದಕ್ಕೆ ಅಡ್ಡ ಬಂದರೆ ಒಂದು ಕಡೆ ಕಡಲಿ ಬೇರು ಕೊಳೆಯುತ್ತದೆ, ಇನ್ನೊಂದು ಕಡೆ ತೇವ ಸಾಲದು. ಪೈಪು ಹಾಕಿದ್ದೇವೆ ಎನ್ನುತ್ತಾರೆ. ಎರಿ ಮಣ್ಣಿನಲ್ಲಿ ಸಣ್ಣ ಪೈಪು ಒಂದೇ ಮಳೆಗೆ ಹೂಳಿಗೆ ಸಿಗುತ್ತದೆ. ಹಣ ಪಡೆದ ರೈತನ ಹೊಲ ಒಂದು, ನೀರು ನಿಲ್ಲುವ ಹೊಲ ಇನ್ನೊಬ್ಬನದು. ಆ ಇನ್ನೊಬ್ಬನ ಹೆಸರು ಯಾವ ಕರಾರಿನಲ್ಲೂ ಇರುವುದಿಲ್ಲ.

ಕಂಬ ಎಷ್ಟು ದೂರ ಇರಬೇಕು ಎಂಬುದಕ್ಕೆ ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಮಾರ್ಗಸೂಚಿ ಇದೆ. ಶಬ್ದದ ತೊಂದರೆ ತಪ್ಪಿಸಲು ಜನವಸತಿಯಿಂದ 500 ಮೀಟರ್. ಸಾರ್ವಜನಿಕ ರಸ್ತೆ, ರೈಲುಹಳಿ, ಕಟ್ಟಡಗಳಿಂದ ಕಂಬದ ಎತ್ತರಕ್ಕೆ ರೆಕ್ಕೆವರ್ತುಲದ ಅರ್ಧ ಅಗಲ, ಮೇಲೆ 5 ಮೀಟರ್ ಕೂಡಿಸಿದಷ್ಟು. 120 ಮೀಟರ್ ಕಂಬ, 130 ಮೀಟರ್ ವರ್ತುಲವಾದರೆ 190 ಮೀಟರ್. ಈ ಸಂಖ್ಯೆಗಳು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕಾದವು. ಊರವರು ಟೇಪು ಹಿಡಿದು ತಾವೇ ಅಳೆದುಕೊಳ್ಳಬಹುದಾದ ನಿಯಮ ನಮ್ಮ ದೇಶದಲ್ಲಿ ಅಪರೂಪ.

ಅಳೆಯಲು ಅವಕಾಶ ಎಲ್ಲಿದೆ ಎಂಬುದು ಮುಂದಿನ ತೊಡಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಗಾಳಿ ವಿದ್ಯುತ್ತೂ ಸೌರ ವಿದ್ಯುತ್ತೂ ಬರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ ಇವೆರಡೂ ಬಿಳಿ ಪಟ್ಟಿಗೆ ಸೇರಿದವು. ಹೊಗೆ, ಕೊಳಚೆ ಇಲ್ಲದ್ದರಿಂದ ವರ್ಗೀಕರಣ ಸರಿಯೇ. ಆದರೆ ಅದರ ಜೊತೆಗೆ ಸಾರ್ವಜನಿಕ ಅಹವಾಲು ಸಭೆಯೂ ಹೋಯಿತು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ತೆಗೆದುಕೊಳ್ಳಲು ಹೊರಟಾಗ ಊರಿಗೆ ಊರೇ ಎದ್ದಿತು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಆ ವರ್ಷದ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಅಲ್ಲಿ ಒಂದೇ ಅಧಿಸೂಚನೆ, ಸಾವಿರಾರು ಎಕರೆ, ಒಂದೇ ಎದುರಾಳಿ. ಗಾಳಿಯಂತ್ರ ಹಾಗೆ ಬರುವುದಿಲ್ಲ. ಒಂದೊಂದೇ ಉತಾರ, ಒಂದೊಂದೇ ಮನೆ, ಒಂದೊಂದೇ ದರ. ಪಕ್ಕದ ಹೊಲದವನಿಗೆ ಎಷ್ಟು ಕೊಟ್ಟರು ಎಂಬುದು ನಾಲ್ಕು ತಿಂಗಳಾದ ಮೇಲೆ ಚಹಾದಂಗಡಿಯಲ್ಲಿ ತಿಳಿಯುತ್ತದೆ. ವಿರೋಧಿಸಬೇಕು ಎಂದಲ್ಲ, ಒಟ್ಟಿಗೆ ಕುಳಿತು ದರ ಕೇಳಲು ಒಂದು ದಿನ, ಒಂದು ಜಾಗ ಬೇಕು. ಕಾನೂನು ಕೊಡದ ಆ ಸಭೆಯನ್ನು ಗ್ರಾಮಸಭೆ ತಾನೇ ಕರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮಾರಾಟವೋ ಲಾವಣಿಯೋ ಎಂಬ ಪ್ರಶ್ನೆಗೆ ಪಾವಗಡ ಒಳ್ಳೆಯ ಪಾಠ. ತುಮಕೂರು ಜಿಲ್ಲೆಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ 2018ರಿಂದ 2019ರೊಳಗೆ ಎದ್ದಿತು. ಸರ್ಕಾರ ಭೂಮಿ ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ ಎಂದು ಲಾವಣಿಗೆ ಪಡೆಯಿತು. ಮಳೆ ಕಾದು ಶೇಂಗಾ ಬೆಳೆದು ಕೈ ಸುಟ್ಟುಕೊಂಡಿದ್ದ ಸೀಮೆಯಲ್ಲಿ ಅದು ಖಾತ್ರಿಯ ಆದಾಯ. ಹೊಲ ಮಾಲೀಕನ ಹೆಸರಿನಲ್ಲೇ ಉಳಿಯಿತು. ಇಷ್ಟು ಮೆಚ್ಚಬೇಕಾದದ್ದು. ಮೆಚ್ಚಲಾಗದ್ದು, ಭೂಮಿ ಇಲ್ಲದವರಿಗೆ ಏನೂ ಸಿಗದಿದ್ದದ್ದು. ಕಳೆ ತೆಗೆಯುವ, ಶೇಂಗಾ ಕೀಳುವ ಕೂಲಿ ನಿಂತಿತು. ಬೇಲಿಯೊಳಗೆ ಕುರಿ ಹೋಗುವಂತಿಲ್ಲವಾದ್ದರಿಂದ ಕುರಿಗಾಹಿಗಳು ಹಿಂಡು ಮಾರಿದರು. ಬಂದ ಕೆಲಸ ಹುಲ್ಲು ಕಡಿಯುವುದು, ಫಲಕ ತೊಳೆಯುವುದು, ಕಾವಲು. ಅದು ಹೊಲದ ಕೂಲಿಯಷ್ಟು ಕೈಗಳಿಗೆ ಸಾಲದು.

ಈ ದೃಷ್ಟಿಯಿಂದ ಗಾಳಿಯೂ ಬಿಸಿಲೂ ಒಂದೇ ಅಲ್ಲ. ಒಂದು ಮೆಗಾವ್ಯಾಟ್ ಸೌರ ವಿದ್ಯುತ್ತಿಗೆ ನಾಲ್ಕೈದು ಎಕರೆ ಪೂರ್ತಿ ಬೇಲಿಯೊಳಗೆ ಹೋಗುತ್ತದೆ. ಗಾಳಿಯಂತ್ರದ ಕೆಳಗೆ ಹಿಂಗಾರಿ ಬೆಳೆ ಬರುತ್ತದೆ, ಸುಗ್ಗಿಯ ನಂತರ ಕುರಿ ಮೇಯುತ್ತವೆ, ಹಿಕ್ಕೆ ಹೊಲಕ್ಕೆ ಬೀಳುತ್ತದೆ. ಕಪ್ಪು ಎರಿ ಭೂಮಿಗೆ ಗಾಳಿ ಸರಿ. ಸೌರ ಫಲಕಕ್ಕೆ ಮಸಾರಿಯ ಬರಡು ತುಂಡು, ಕಾಲುವೆಯ ದಂಡೆ, ಮಾಳಿಗೆ ಸರಿ. ಮಾಳಿಗೆಯ ವಿಷಯದಲ್ಲಿ ಮಾತ್ರ ಸರ್ಕಾರದ ಎರಡು ಕೈ ಪರಸ್ಪರ ಎಳೆದಾಡುತ್ತಿವೆ. ಕೇಂದ್ರದ ಸೂರ್ಯಘರ್ ಯೋಜನೆ 2024ರಿಂದ 3 ಕಿಲೋವ್ಯಾಟ್ ಫಲಕಕ್ಕೆ 78,000 ರೂಪಾಯಿ ಸಬ್ಸಿಡಿ ಕೊಡುತ್ತಿದೆ. ರಾಜ್ಯದ ಗೃಹಜ್ಯೋತಿ 2023ರಿಂದ 200 ಯೂನಿಟ್‌ವರೆಗೆ ಬಿಲ್ಲನ್ನೇ ಸೊನ್ನೆ ಮಾಡಿದೆ. ಬಿಲ್ಲೇ ಬಾರದ ಮನೆಯವರು ಸಾಲ ಮಾಡಿ ಫಲಕ ಏಕೆ ಹಾಕಿಸುತ್ತಾರೆ? ಒಂದಿಂಚು ಹೊಲ ಕೇಳದ ವಿದ್ಯುತ್ತೇ ಹೀಗೆ ಹಿಂದೆ ಬಿದ್ದಿದೆ.

ಕಾಲದ ತೊಡಕನ್ನೂ ನೋಡಬೇಕು. ನಮ್ಮ ಗಾಳಿ ಮುಂಗಾರಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ವರ್ಷದ ಉತ್ಪಾದನೆಯ ದೊಡ್ಡ ಪಾಲು ಮುಗಿದುಹೋಗುತ್ತದೆ. ರಾಜ್ಯಕ್ಕೆ ವಿದ್ಯುತ್ತಿನ ಹಸಿವು ಹೆಚ್ಚುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ; 2024ರ ಬೇಸಿಗೆಯಲ್ಲಿ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಹಿಂದಿನ ವರ್ಷ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು, ಜಲಾಶಯಗಳು ತುಂಬಿರಲಿಲ್ಲ. ಆಗ ಆಸರೆಯಾದದ್ದು ಹಗಲಿಗೆ ಸೌರ, ರಾತ್ರಿಗೆ ಮತ್ತದೇ ಕಲ್ಲಿದ್ದಲು. ಹಗಲಿನ ವಿದ್ಯುತ್ತಿನಿಂದ ಒಂದು ದೊಡ್ಡ ಉಪಕಾರ ಆಗಬಹುದು. ಪಂಪ್‌ಸೆಟ್ಟಿಗೆ ನಡುರಾತ್ರಿ ತ್ರೀಫೇಸ್ ಬಂದಾಗ ಬ್ಯಾಟರಿ ಹಿಡಿದು, ಹಾವಿನ ಹೆದರಿಕೆಯಲ್ಲಿ ನೀರು ಹಾಯಿಸಲು ಹೋಗುವ ರೈತನಿಗೆ ಬಿಸಿಲಲ್ಲೇ ಕರೆಂಟು ಸಿಗುತ್ತದೆ. ಕೃಷಿ ಫೀಡರ್‌ಗಳನ್ನು ಸೌರಕ್ಕೆ ಜೋಡಿಸುವ ಪಿಎಂ ಕುಸುಮ್ ಯೋಜನೆಯ ಮುಖ್ಯ ಲಾಭವನ್ನು ಹಣದಲ್ಲಿ ಅಳೆಯುವುದಕ್ಕಿಂತ ಹೀಗೆ ಅಳೆಯುವುದು ಸರಿ.

ರಾತ್ರಿಗೆ ಉಳಿಸಿಡುವ ಕೆಲಸದಲ್ಲಿ ವೆಚ್ಚ ಮತ್ತೊಮ್ಮೆ ಕಾಡಿಗೆ ಹೋಗುತ್ತದೆ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ಹೆಚ್ಚಾದ ವಿದ್ಯುತ್ತಿನಿಂದ ನೀರು ಮೇಲೆತ್ತಿ ಬೇಕಾದಾಗ ಇಳಿಸುವ ಯೋಜನೆ, ಸಿಂಗಳೀಕಗಳ ನೆಲೆಗೆ ತಾಗುತ್ತದೆ ಎಂದು ಮಲೆನಾಡು ವಿರೋಧಿಸುತ್ತಿದೆ. ಎತ್ತಿ ಇಳಿಸುವುದರಲ್ಲಿ ಐದನೇ ಒಂದು ಭಾಗದಷ್ಟು ವಿದ್ಯುತ್ತು ಖರ್ಚಾಗುತ್ತದೆ ಕೂಡ. ಬಯಲುಸೀಮೆಯ ಗಾಳಿಗೆ ಘಟ್ಟದ ಕಾಡು ಬೆಲೆ ತೆರಬೇಕೇ ಎಂಬ ಪ್ರಶ್ನೆಯನ್ನು ಅಲ್ಲಿನವರು ಕೇಳಿದರೆ ಇಲ್ಲಿನವರು ಅದನ್ನು ಅಸಡ್ಡೆ ಮಾಡಬಾರದು. ಬ್ಯಾಟರಿಯ ಬೆಲೆ ಇಳಿಯುತ್ತಿರುವಾಗ ಗಾಳಿ, ಬಿಸಿಲು, ಬ್ಯಾಟರಿ ಮೂರನ್ನೂ ಒಂದೇ ಉಪಕೇಂದ್ರದ ಸುತ್ತ ಕೂಡಿಸುವುದು ಗದಗದಂಥ ಜಿಲ್ಲೆಗೆ ಹೆಚ್ಚು ಹೊಂದುತ್ತದೆ.

ಉತ್ಪಾದನೆಯಾದ ವಿದ್ಯುತ್ತು ಹೊರಗೆ ಹೋಗಲು ಹೆದ್ದಾರಿ ಬೇಕು. ಗದಗ, ಕೊಪ್ಪಳಗಳನ್ನು ನವೀಕರಿಸಬಹುದಾದ ಇಂಧನದ ವಲಯಗಳೆಂದು ಗುರುತಿಸಿ 400 ಕಿಲೋವೋಲ್ಟ್ ಗೋಪುರಗಳ ಸಾಲು ಧಾರವಾಡದ ಕಡೆಗೆ ಹೊರಟಿರುವುದು ಇದಕ್ಕೇ. ಫ್ಯಾನು ಬಂದ ಹೊಲದವನಿಗೆ ಲಾವಣಿ ಉಂಟು, ಗೋಪುರ ಬಂದ ಹೊಲದವನಿಗೆ ಒಮ್ಮೆಯ ಪರಿಹಾರ ಮಾತ್ರ. ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನೇ ಬಳಸಿ ತಂತಿ ಎಳೆಯುವುದರಿಂದ ಬೇಡ ಎನ್ನುವ ಆಯ್ಕೆಯೂ ಅವನಿಗಿಲ್ಲ. ಕೇಂದ್ರದ 2024ರ ಮಾರ್ಗಸೂಚಿ ಗೋಪುರದ ಬುಡದ ಜಾಗಕ್ಕೆ ಭೂಮಿಯ ಬೆಲೆಯ ಶೇ 200, ತಂತಿ ಹಾಯುವ ಪಟ್ಟಿಗೆ ಶೇ 30 ಎಂದು ಏರಿಸಿದೆ. ಅಲ್ಲೂ ಬೆಲೆ ಎಂದರೆ ಯಾವ ಬೆಲೆ, ಉಪನೋಂದಣಿ ಕಚೇರಿಯದೋ ಸಂತೆಯದೋ, ಎಂಬಲ್ಲಿ ಜಗಳ.

ಈಗ ಎರಡನೆಯ ಪ್ರಶ್ನೆ: ಕರಾರು ಯಾರ ಹೆಸರಿನಲ್ಲಿ? ಇದನ್ನು ಕೇಳಲು ಗದಗಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಸಾವುಕಾರನ ಎದುರು ಒಬ್ಬೊಬ್ಬನೇ ನಿಂತು ಸೋಲುತ್ತಿದ್ದ ರೈತರು ಕೂಡಿ ನಿಂತದ್ದು ಆ ಸಂಘದ ಸಾರ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ವಿದ್ಯುತ್ತನ್ನು ಮನೆಮನೆಗೆ ಹಂಚುತ್ತಿರುವುದು ಸಹಕಾರ ಸಂಘವೇ. ಹೊರಗೆ ನೋಡಿದರೆ ಡೆನ್ಮಾರ್ಕ್ ಇದೆ. ಕೋಪನ್‌ಹೇಗನ್ ಕಡಲಲ್ಲಿ 2000ದಲ್ಲಿ ನಿಂತ 20 ಯಂತ್ರಗಳ ಅರ್ಧ ಒಡೆತನ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದು. ಆ ದೇಶ 2008ರಲ್ಲಿ, ಹೊಸ ಯಂತ್ರದ ಶೇ 20ರಷ್ಟು ಪಾಲನ್ನು ನಾಲ್ಕೂವರೆ ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಮಾರಾಟಕ್ಕೆ ಇಡಲೇಬೇಕೆಂದು ಕಾನೂನು ಮಾಡಿತು. ಮುಂದೆ ಆ ನಿಯಮ ಬದಲಾಯಿತು, ಆದರೆ ಅಷ್ಟರಲ್ಲಿ ಅದು ತನ್ನ ಕೆಲಸ ಮಾಡಿತ್ತು.

ನಕಲು ಮಾಡುವುದು ಸುಲಭವಲ್ಲ. ಮೆಗಾವ್ಯಾಟ್‌ಗೆ ಏಳೆಂಟು ಕೋಟಿ ರೂಪಾಯಿ ಹೂಡಿಕೆ ಬೇಕು. ಒಂದು ಪತ್ತಿನ ಸಂಘ ಯಂತ್ರ ಕೊಳ್ಳಲು ಹೊರಟರೆ ಮುಳುಗುತ್ತದೆ. ಆದರೆ ಯಂತ್ರ ಕೊಳ್ಳದೆ ಭೂಮಿಯ ಪರವಾಗಿ ಮಾತಾಡುವ ಸಂಘಕ್ಕೆ ಬಂಡವಾಳ ಬೇಕಾಗಿಲ್ಲ. ಒಂದು ಊರಿನ ಎಲ್ಲ ಸರ್ವೆ ನಂಬರುಗಳಿಗೂ ಒಂದೇ ನಮೂನೆಯ ಕರಾರು. ಮಾರಾಟ ಇಲ್ಲ, ಲಾವಣಿ ಮಾತ್ರ. ದುಡ್ಡು ಎಕರೆಯ ಮೇಲೆ ಅಲ್ಲದೆ ಯೂನಿಟ್‌ನ ಮೇಲೆ. 47 ಲಕ್ಷ ಯೂನಿಟ್ ಎಂದರೆ ಯೂನಿಟ್‌ಗೆ 3 ರೂಪಾಯಿಯಂತೆ ವರ್ಷಕ್ಕೆ 1.41 ಕೋಟಿ; ಅದರಲ್ಲಿ ಶೇ 3 ಊರಿಗೆ ಬಂದರೂ ಒಂದು ಯಂತ್ರದಿಂದ ನಾಲ್ಕು ಲಕ್ಷ ಚಿಲ್ಲರೆ. ಅದರಲ್ಲಿ ಕಂಬ ನಿಂತ ಹೊಲದವನಿಗೆ ಒಂದು ಪಾಲು, ನೀರು ನಿಂತ ಪಕ್ಕದವನಿಗೆ ಒಂದು ಪಾಲು, ಕೂಲಿ ಕಳೆದುಕೊಂಡವರಿಗೆ ಒಂದು ಪಾಲು. ಶೇ 3 ಎಂಬುದು ಇಲ್ಲಿ ಲೆಕ್ಕಕ್ಕೆ ಹಿಡಿದ ಸಂಖ್ಯೆ. ನಿಜವಾದ ದರ ಚೌಕಾಸಿಯಲ್ಲಿ ಗೊತ್ತಾಗಬೇಕು, ಚೌಕಾಸಿಗೆ ಊರು ಒಟ್ಟಾಗಿ ಕೂರಬೇಕು.

ಅದಕ್ಕೆ ಸಮಯವೂ ಒದಗಿ ಬಂದಿದೆ. ಗಾಳಿಯಂತ್ರದ ಆಯುಷ್ಯ ಇಪ್ಪತ್ತರಿಂದ ಇಪ್ಪತ್ತೈದು ವರ್ಷ. ಕಪ್ಪತಗುಡ್ಡದ ಮೊದಲ ತಲೆಮಾರಿನ ಯಂತ್ರಗಳ ಕಾಲ ಮುಗಿದಿದೆ, ಎರಡನೆಯ ತಲೆಮಾರಿನವು ಮುಪ್ಪಿಗೆ ಬಂದಿವೆ. ಹಳೆಯ ಸಣ್ಣ ಯಂತ್ರ ಕಿತ್ತು ದೊಡ್ಡದು ನಿಲ್ಲಿಸುವುದಕ್ಕೆ ಕೇಂದ್ರ 2016ರಲ್ಲಿ ನೀತಿ ಮಾಡಿತು, 2023ರ ಡಿಸೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿತು. ಗುಡ್ಡದಲ್ಲಿ ಕಿತ್ತ ಸಾಮರ್ಥ್ಯವನ್ನು ಗುಡ್ಡದಲ್ಲೇ ಹಾಕಬೇಕಾಗಿಲ್ಲ, ಅದೇ ಉಪಕೇಂದ್ರಕ್ಕೆ ಸೇರುವ ಬಯಲಿಗೆ ಇಳಿಸಬಹುದು ಎಂಬ ಒಂದು ಷರತ್ತನ್ನು ರಾಜ್ಯ ಸರ್ಕಾರ ಸೇರಿಸಿದರೆ ವನ್ಯಜೀವಿ ಧಾಮದ ನೆತ್ತಿ ಬರುವ ಹದಿನೈದು ವರ್ಷಗಳಲ್ಲಿ ತೆರವಾಗುತ್ತದೆ, ವಿದ್ಯುತ್ತು ಒಂದು ಯೂನಿಟ್ಟೂ ಕಡಿಮೆಯಾಗುವುದಿಲ್ಲ.

ಬಯಲಿಗೆ ಇಳಿದದ್ದೂ ಒಂದು ದಿನ ಮುದುಕಾಗುತ್ತದೆ. ಈಗ ಸಹಿ ಬೀಳುತ್ತಿರುವ ಕರಾರುಗಳು 2050ರ ಹೊತ್ತಿಗೆ ಮುಗಿಯುತ್ತವೆ. ಉಕ್ಕಿನ ಕಂಬ ಗುಜರಿಗೆ ಹೋಗುತ್ತದೆ, ಅದಕ್ಕೆ ಗಿರಾಕಿ ಇದ್ದಾರೆ. ಗಾಜಿನ ನಾರಿನ ರೆಕ್ಕೆಗೆ ಗಿರಾಕಿ ಇಲ್ಲ. ಅದನ್ನು ಕರಗಿಸುವುದೂ ಕಷ್ಟ, ಸುಡುವುದೂ ಕಷ್ಟ. ನೆಲದೊಳಗಿನ ನೂರಾರು ಘನ ಮೀಟರ್ ಕಾಂಕ್ರೀಟನ್ನು ತಾನಾಗಿ ಯಾರೂ ಕೀಳುವುದಿಲ್ಲ. ಆ ಹೊತ್ತಿಗೆ ಕಂಪನಿ ಎರಡು ಮೂರು ಕೈ ಬದಲಾಗಿರುತ್ತದೆ, ಸಹಿ ಹಾಕಿದ ರೈತನ ಜಾಗದಲ್ಲಿ ಅವನ ಮಕ್ಕಳಿರುತ್ತಾರೆ. ಆದ್ದರಿಂದ ಕರಾರು ಬರೆಯುವ ದಿನವೇ ಮೂರು ಸಾಲು ಸೇರಬೇಕು: ಬುಡದ ಕಾಂಕ್ರೀಟನ್ನು ರಂಟೆ ಹೊಡೆಯಲು ಬೇಕಾದ ಆಳದವರೆಗೆ, ಕನಿಷ್ಠ ಮೂರಡಿ, ಒಡೆದು ತೆಗೆಯಬೇಕು, ಗರಸು ಎತ್ತಿ ಎರಿ ಮಣ್ಣು ಹಾಕಿಸಬೇಕು, ಇದಕ್ಕೆ ತಗಲುವ ಹಣವನ್ನು ಯಂತ್ರ ತಿರುಗಲು ಶುರುವಾದ ವರ್ಷದಿಂದಲೇ ಗ್ರಾಮ ಪಂಚಾಯಿತಿ ಮತ್ತು ಭೂಮಾಲೀಕರ ಜಂಟಿ ಖಾತೆಯಲ್ಲಿ ಕಂತು ಕಂತಾಗಿ ಠೇವಣಿ ಇಡುತ್ತ ಹೋಗಬೇಕು.